ಒಂಬತ್ತು ಸ್ವರ ಉಳಿದ ಆರ್ಗನ್

ಕುಂದಾಪುರದ ಹಳೇ ಬಸ್‌ಸ್ಟ್ಯಾಂಡಿನ ಹಿಂದೆ ಸುಗುಣಳದೊಂದು ಎಲೆಕ್ಟ್ರಾನಿಕ್ ರಿಪೇರಿ ಅಂಗಡಿ. ತೊಂಬತ್ತೇಳರಲ್ಲಿ ಬಾಗಿಲು ತೆರೆದಾಗ, ಮೀನು ಮಾರುವವರ ಮನೆಯ ಹುಡುಗಿಗೆ ಈ ಕೆಲಸ ಯಾಕೆಂದು ಕೇಳಿದವರೇ ಆಮೇಲೆ ಬೋಟಿನ ವೈರ್‌ಲೆಸ್ ಸೆಟ್ಟು ಹೊತ್ತು ತಂದರು. ಹಾಡುವ ಯಂತ್ರವೊಂದು ಅವಳ ಕೈಗೆ ಬರಲು ಹನ್ನೆರಡು ವರ್ಷ ಹಿಡಿಯಿತು.

ಅದು ಕಡಲಂಚಿನ ಕೋಡಿಯ ಪ್ರೇಮಾನಂದನ ಕರೆಂಟಿನ ಆರ್ಗನ್. ಮುಂಬೈಯ ಆರ್ಕೆಸ್ಟ್ರಾಗಳಲ್ಲಿ ಇಪ್ಪತ್ತು ವರ್ಷ ಅದನ್ನು ನುಡಿಸಿ, ಕೊನೆಗೆ ಲಾರಿಯಲ್ಲಿ ಊರಿಗೆ ತಂದಿದ್ದ. ಕಡಲ ಗಾಳಿಗೆ ತುಕ್ಕು ಹಿಡಿಯದಿರಲೆಂದು ಹೆಂಡತಿ ಕುಸುಮ ವಾರ ವಾರವೂ ಕೀಗಳ ಸಂದಿಗೆ ತೆಂಗಿನೆಣ್ಣೆ ಬಿಟ್ಟಳು. ಎಣ್ಣೆ ಧೂಳಿನೊಡನೆ ಅಂಟಾಗಿ ಒಂದೊಂದೇ ಕೀ ಮೂಕವಾಯಿತು.

"ಮೀನ್ ಕತ್ತಿಗೂ ಅದೇ ಎಣ್ಣಿ ಹಾಕ್ತೆ. ಅದೆಂತಕ್ಕೆ ಹಾಳಾಯ್ಲ?" ಎಂದು ಕುಸುಮ ಇಂದಿಗೂ ವಾದಿಸುತ್ತಾಳೆ.

ಎರಡು ತಿಂಗಳು ಸುಗುಣ ಅವರ ಮನೆಗೇ ಹೋಗಿ ಕೀಗಳ ಕೆಳಗಿನ ಒಂದೊಂದು ತಂತಿಯ ತುದಿಯನ್ನೂ ಸ್ಪಿರಿಟ್ಟಿನಲ್ಲಿ ಒರೆಸಿದಳು. ಕೀಗಳು ಬದುಕಿದವು. ಆದರೆ ಹನ್ನೆರಡು ಸ್ವರಗಳಿಗೆ ಒಂದೊಂದರಂತೆ ಒಳಗಿದ್ದ ಹನ್ನೆರಡು ಬೋರ್ಡುಗಳಲ್ಲಿ ಮೂರು ಸುಟ್ಟಿದ್ದವು; ಬಿಡಿಭಾಗ ಎಲ್ಲೂ ಸಿಗಲಿಲ್ಲ. ಆಗ ಅವಳು ಕೀಗಳನ್ನು ಕಂಪ್ಯೂಟರಿಗೆ ಜೋಡಿಸಿ, ಸಾಫ್ಟ್‌ವೇರಿನಲ್ಲಿದ್ದ ಬೇರೊಂದು ಆರ್ಗನ್ನಿನ ಸದ್ದು ಕೊಟ್ಟಳು. ಪ್ರೇಮಾನಂದ ನಾಲ್ಕು ಸಾಲು ನುಡಿಸಿ ಕೈ ತೆಗೆದ.

"ಚಂದ ಇತ್ತ್. ಆರೆ ಇದ್ ನಂದಲ್ಲ."

ಸೋಮವಾರ ಒಯ್ಯಲು ಬಾ ಎಂದು ಗುಜರಿಯವನಿಗೆ ಹೇಳಿಕಳಿಸಿದ. ಕೆಟ್ಟದ್ದನ್ನು ಬಿಟ್ಟುಕೊಡುವುದು ಸುಗುಣಳಿಗೆ ಗೊತ್ತಿತ್ತು. ಆದರೆ ಇದರಲ್ಲಿ ಇನ್ನೂ ಒಂಬತ್ತು ಸ್ವರಕ್ಕೆ ಜೀವವಿತ್ತು.

ಭಾನುವಾರ ಬೆಳಿಗ್ಗೆ ಕಂಪ್ಯೂಟರು ಕಟ್ಟಿಕೊಂಡು ಆಟೋದಲ್ಲಿ ಕೋಡಿಗೆ ಹೋದಳು. ಹತ್ತಕ್ಕೆ ಕರೆಂಟು ಹೋಗುವುದಿತ್ತು. ಆ ಒಂಬತ್ತು ಸ್ವರಗಳನ್ನು, ತಗ್ಗಿನಿಂದ ಏರಿನವರೆಗೆ, ಆರ್ಗನ್ನಿನಿಂದ ನೇರ ತಂತಿ ಎಳೆದು ಒಂದೊಂದಾಗಿ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿ ಹಿಡಿದಿಟ್ಟಳು. ಕೊನೆಯ ಬೋರ್ಡು ಬಿಸಿಯೇರಿ ನಡುಗತೊಡಗಿತ್ತು. ಅದರ ಅತಿ ಏರಿನ ಸ್ವರವೂ ಸಿಕ್ಕಿ ಐದು ನಿಮಿಷಕ್ಕೆ ಫ್ಯಾನು ನಿಂತಿತು.

ಇಲ್ಲದ ಮೂರಕ್ಕೆ ಪಕ್ಕದ ಸ್ವರಗಳನ್ನೇ ಸಾಫ್ಟ್‌ವೇರಿನಲ್ಲಿ ಅರ್ಧ ಮೆಟ್ಟಿಲು ಏರಿಸಿ ಕೂರಿಸಿದ್ದು ಮಧ್ಯಾಹ್ನ, ಕರೆಂಟು ಮರಳಿದ ಮೇಲೆ. ಕೀ ಒತ್ತಿದರೆ ಈಗ ಆ ಆರ್ಗನ್ನಿನದೇ ದನಿ. ಪ್ರೇಮಾನಂದನನ್ನು ಕರೆದಳು. ಒಲ್ಲದ ಮನಸ್ಸಿನಿಂದಲೇ ಬಂದು ಕೂತ. ಮೊದಲ ಸ್ವರಕ್ಕೇ ಅವನ ಬೆನ್ನು ನೆಟ್ಟಗಾಯಿತು. ಒಳಗಿದ್ದ ಕುಸುಮ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು ನಿಂತಳು.

ನಡುವೆ ಒಂದು ಕೀಯಲ್ಲಿ ಅವನ ಬೆರಳು ತಡೆಯಿತು. ಮತ್ತೊಮ್ಮೆ ಒತ್ತಿ ನೋಡಿದ. ಸುಗುಣ ಪಕ್ಕದಿಂದ ತಂದು ಕೂರಿಸಿದ ಮೂರರಲ್ಲಿ ಅದೊಂದು.

"ಇದ್ ಬೇರೆ ಮನಿಂದ ಬಂದ ಹೆಣ್ಣಿನ್ ಹಾಂಗಿತ್ತ್ ಮಾರಾಯ್ತಿ," ಎಂದ. "ಇರ್ಲಿ. ನಾಕ್ ದಿನ ಬಾರ್ಸಿರೆ ಹೊಂದ್ಕಣತ್ತ್."

ಗುಜರಿಯವನಿಗೆ ಬರುವುದು ಬೇಡವೆಂದು ಫೋನು ಮಾಡಿದವಳು ಕುಸುಮ. ಪ್ರೇಮಾನಂದನಿಗೆ ಏಳಲು ಪುರುಸೊತ್ತಿರಲಿಲ್ಲ.