ಎರಡು ಗಂಡು ಮೊಲ ಮತ್ತು ಆರು ಮರಿ

ಐವತ್ತರ ದಶಕದಲ್ಲಿ ಪುಣೆಯ ಪ್ರಯೋಗಾಲಯವೊಂದರಲ್ಲಿ ನಾನು ಸಂಶೋಧನೆಗೆ ಸೇರಿದ್ದೆ. ಕುರಿಯ ರಕ್ತದ ಕೆಂಪು ಕಣಗಳನ್ನು ತೊಳೆದು ಮೊಲದ ಕಿವಿಯ ರಕ್ತನಾಳಕ್ಕೆ ಚುಚ್ಚುವುದು, ಆ ಪರಕೀಯ ಕಣಗಳ ವಿರುದ್ಧ ಅದರ ಮೈಯಲ್ಲಿ ಹುಟ್ಟುವ ಪ್ರತಿಕಾಯಗಳನ್ನು ಅಳೆಯುವುದು, ಇದು ನನ್ನ ಕೆಲಸ. ದೀಪಾವಳಿಗೆ ಪ್ರಯೋಗಾಲಯದ ಬಾಗಿಲು ಹಾಕುವ ಹೊತ್ತಿಗೆ ನನ್ನ ಎರಡು ಮೊಲಗಳಿಗೆ ಇನ್ನೊಂದು ಚುಚ್ಚುಮದ್ದು ಬಾಕಿ ಇತ್ತು. "ಊರಿಗೇ ಒಯ್ಯಿ, ಅಲ್ಲಿ ಕುರಿಗೇನು ಬರವೇ?" ಎಂದರು ಗುರುಗಳು.

ಗದಗಿನಲ್ಲಿ ರೈಲಿಳಿದು ರೋಣದ ಬಸ್ಸು ಹತ್ತಿದಾಗ ಕಂಡಕ್ಟರ್ ಬುಟ್ಟಿ ಇಣುಕಿದ. "ಇವಕ್ಕ ಟಿಕೀಟು ಬ್ಯಾಡ್ರಿ. ತೊಡಿ ಮ್ಯಾಲ ಕುಂದ್ರಿಸಿಕೊಂಡ್ರ ಸಾಕು," ಎಂದ.

ನಮ್ಮ ಓಣಿಯಲ್ಲಿ ಹತ್ತಿ ಹಿಂಜುವ ಚಾಚಾ ಒಬ್ಬರಿದ್ದರು. ನರಗುಂದದ ಟಗರಿನ ಕಾಳಗದಲ್ಲಿ ಅವರ ಟಗರು ಗೆದ್ದಿತ್ತು. ಅದರ ಕುತ್ತಿಗೆಯಿಂದ ಸ್ವಲ್ಪ ರಕ್ತ ಬೇಕೆಂದೆ.

"ತಗೋ ಬೇಟಿ. ಆದ್ರ ಈ ರಕ್ತ ಹೊಕ್ಕರ ನಿನ್ನ ಮೊಲಾನೂ ಡಿಕ್ಕಿ ಹೊಡೀತೈತಿ, ಆಮ್ಯಾಲ ನನಗ ಅನಬ್ಯಾಡ," ಎಂದರು.

ಕಣಗಳನ್ನು ತೊಳೆಯಲು ರಕ್ತದ ನಳಿಕೆಯನ್ನು ಗರಗರ ತಿರುಗಿಸುವ ಯಂತ್ರ ಬೇಕು. ರೋಣದಲ್ಲಿ ಅದೆಲ್ಲಿ? ಜೋಳದ ಹೊಲದಲ್ಲಿ ಹಕ್ಕಿ ಓಡಿಸುವ ಕವಣೆಗೆ ನಳಿಕೆ ಕಟ್ಟಿ ಚಾಚಾ ಅಂಗಳದಲ್ಲಿ ನಿಂತು ಬೀಸಿದರು. ಮೊದಲ ನಳಿಕೆ ಹಾರಿ ಪಕ್ಕದ ಮನೆಯ ಹಂಚು ಒಡೆಯಿತು. ಎರಡನೆಯದರಲ್ಲಿ ಕಣಗಳು ತಳಕ್ಕೆ ಅಚ್ಚುಕಟ್ಟಾಗಿ ಕೂತವು.

ಚುಚ್ಚುಮದ್ದು ಕೊಟ್ಟ ಕೆಲವೇ ದಿನಗಳಲ್ಲಿ ಒಂದು ಮೊಲ ಎದೆಯ ಕೂದಲನ್ನು ತಾನೇ ಕಿತ್ತುಕೊಳ್ಳತೊಡಗಿತು. ನಾನು ಗಾಬರಿಯಿಂದ ಟಿಪ್ಪಣಿ ಪುಸ್ತಕದಲ್ಲಿ ಬರೆದೆ: 'ಚುಚ್ಚುಮದ್ದಿನ ದುಷ್ಪರಿಣಾಮ. ಎದೆಯ ರೋಮ ನಷ್ಟ. ವಿಪರೀತ ಹಸಿವು. ಕಂಬಳಿ ಕಚ್ಚುವ ಗೀಳು.'

ಆಯಿ ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿದಳು. ನಮ್ಮ ತಂದೆಯ ತಾಯಿ ಆಕೆ. ಹತ್ತಾರು ಎಮ್ಮೆ ಆಕಳಿನ ಬಾಣಂತನ ಮಾಡಿದವಳು.

"ಯವ್ವಾ, ಇದು ಗಬ್ಬ ಐತಿ."

"ಇಲ್ಲ ಆಯಿ, ಎರಡೂ ಗಂಡು. ರಜಿಸ್ಟರಿನ್ಯಾಗ ಬರದೈತಿ."

"ಹಂಗಾರ ನಿನ್ನ ರಜಿಸ್ಟರ್ ಹಡ್ಯಾಕ ಹತ್ತೈತಿ. ಲಗೂನ ಹಳೀ ಸೀರಿ ತಾ."

ಅವತ್ತು ಮಧ್ಯಾಹ್ನ ಆರು ಮರಿ ಹುಟ್ಟಿದವು. ಕೆಂಪಗೆ, ರೋಮವಿಲ್ಲದೆ, ಸುಲಿದ ಶೇಂಗಾ ಬೀಜದ ಹಾಗಿದ್ದವು. ಚಾಚಾ ಬಂದು, ಒಂದು ಮರಿ ತಲೆ ಅಲ್ಲಾಡಿಸಿದ್ದನ್ನೇ ಡಿಕ್ಕಿ ಎಂದು ಓಣಿಗೆಲ್ಲ ಸಾರಿದರು.

ಹಸುಗೂಸುಗಳನ್ನು ರೈಲಿನಲ್ಲಿ ಒಯ್ಯುವಂತಿರಲಿಲ್ಲ. ಅಂಚೆ ಕಚೇರಿಗೆ ಹೋಗಿ ಗುರುಗಳಿಗೆ ತಂತಿ ಕೊಟ್ಟೆ: 'ಆರು ಹುಟ್ಟಿವೆ. ತಾಯಿ ಕ್ಷೇಮ. ರಜೆ ಬೇಕು.'

ತಂತಿಯ ಗುಮಾಸ್ತರು ಅದನ್ನು ಎರಡು ಸಲ ಓದಿದರು. ನನ್ನ ಬರಿಗೊರಳು ನೋಡಿದರು. "ಆರೂ... ನಿಮ್ಮನ್ಯಾಗಿನವೇನ್ರಿ?"

"ಪ್ರಯೋಗಾಲಯದವು ರೀ."

"ಏನ್ ಕಾಲ ಬಂತೋ," ಎನ್ನುತ್ತ ಮುದ್ರೆ ಒತ್ತಿದರು.

ಮರುದಿನ ಗುರುಗಳ ಉತ್ತರ ಬಂತು. ಒಂದೇ ಪದ: 'ಯಾರದು?'

ಮೂರು ವಾರದ ಮೇಲೆ, ಯಾವ ಆಸೆಯೂ ಇಲ್ಲದೆ, ಬರೀ ಕುತೂಹಲಕ್ಕೆ ಒಂದು ಮರಿಯ ಕಿವಿಯಿಂದ ಹನಿ ರಕ್ತ ತೆಗೆದೆ. ಅದರ ತಿಳಿಯನ್ನು ಗಾಜಿನ ಮೇಲಿಟ್ಟು ಟಗರಿನ ಕಣಗಳನ್ನು ಬೆರೆಸಿದೆ. ಹುಟ್ಟಿದಾಗಿನಿಂದ ಸೂಜಿಯನ್ನೇ ಕಾಣದ ಮರಿ ಅದು. ಆದರೂ ಕಣಗಳು ನೋಡನೋಡುತ್ತ ಮೊಸರಿನಂತೆ ಗಂಟುಗಟ್ಟಿದವು. ಆರೂ ಮರಿಗಳದ್ದು ಹಾಗೆಯೇ ಆಯಿತು. ತಾಯಿಯ ಪ್ರತಿಕಾಯಗಳು ಮಕ್ಕಳಿಗೆ ದಾಟಿದ್ದವು. ಹೀಗಾಗುತ್ತದೆಂದು ಪುಸ್ತಕದಲ್ಲಿ ಓದಿದ್ದೆ. ಕಣ್ಣಾರೆ ಕಂಡದ್ದು ಇದೇ ಮೊದಲು.

ಓಡಿಹೋಗಿ ಆಯಿಗೆ ಹೇಳಿದೆ. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ತಾಯೀದು ಮಕ್ಕಳಿಗೆ ಮುಟ್ಟತೈತಿ ಅನ್ನೂದಕ್ಕ ಟಗರು ಬೇಕಾತೇನು?"

ಪುಣೆಗೆ ಎಂಟು ಮೊಲಗಳೊಂದಿಗೆ ಮರಳಿದೆ. ಗುರುಗಳು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಆಮೇಲೆ ಗಂಭೀರವಾಗಿ, "ಇದು ಬಸುರಿನಲ್ಲೇ ದಾಟಿತೋ, ಹಾಲಿನಲ್ಲೋ? ಅದನ್ನೇ ಹಿಡಿ," ಎಂದರು. ಮುಂದಿನ ಹಲವು ವರ್ಷ ನಾನು ಹಿಡಿದದ್ದು ಅದನ್ನೇ.