ಲೈಟು ಕಟ್ಟಿದ ಪಿಸ್ತೂಲಿನ ಒರೆ

ಹೊಸ ಪಿಸ್ತೂಲುಗಳು ಬಂದ ದಿನ ಕಾರ್ಕಳದ ನಮ್ಮ ಆರ್ಮರಿಯಲ್ಲಿ ಹಬ್ಬದ ಗೌಜಿ. ಅದು ಇದ್ದದ್ದು ಒಂದೇ ಗಂಟೆ. ನಾಲ್ಕು ಪಿಸ್ತೂಲು, ನಾಲ್ಕಕ್ಕೂ ನಳಿಕೆಯ ಕೆಳಗೆ ಹೆಬ್ಬೆರಳಿಗಿಂತ ದಪ್ಪದ ಒಂದೊಂದು ಲೈಟು. ಜೊತೆಗೆ ಬಂದ ಹೋಲ್‌ಸ್ಟರುಗಳಲ್ಲಿ ಮಾತ್ರ ಲೈಟಿಗೆ ಜಾಗವೇ ಇಲ್ಲ. ಪಿಸ್ತೂಲನ್ನು ಒರೆಯೊಳಗೆ ಇಳಿಸಲು ಹೋದರೆ ಅರ್ಧದಲ್ಲೇ ನಿಂತಿತು. ಆಯುಧಗಳ ಉಸ್ತುವಾರಿ ನೋಡುವ ಆರ್ಮರರ್, ಹಿರಿಯ ಹೆಡ್ ಕಾನ್‌ಸ್ಟೇಬಲ್, ನಾನು ಅಣ್ಣ ಎಂದೇ ಕರೆಯುವ ಮನುಷ್ಯ, ತಲೆ ಕೆರೆದುಕೊಂಡು ಹೇಳಿದರು: "ಲೈಟು ಬಿಚ್ಚಿ ಜೇಬಲ್ಲಿ ಇಟ್ಟುಕೊಳ್ಳಿ ಮೇಡಂ. ಬೇಕಾದಾಗ ಸಿಕ್ಕಿಸಿದರಾಯ್ತು."

ಉಳಿದ ಮೂವರು ಸಬ್ ಇನ್ಸ್‌ಪೆಕ್ಟರುಗಳು ತಲೆಯಾಡಿಸಿ ಹಾಗೆಯೇ ಮಾಡಿದರು. ನನಗೆ ಮೈ ಉರಿಯಿತು. ಕತ್ತಲೆಯಲ್ಲಿ ಗುಂಡು ತುಂಬಿದ ಪಿಸ್ತೂಲಿನ ಬಾಯಿಯ ಹತ್ತಿರ ಬೆರಳು ಇಟ್ಟು ಲೈಟು ಸಿಕ್ಕಿಸುವುದು ಎಂದರೆ ಅದೇನು ಮಿಕ್ಸಿಗೆ ಜಾರು ಕೂರಿಸುವ ಕೆಲಸವೇ? ಅಂದೇ ಕೂತು ಮೇಲಧಿಕಾರಿಗೆ ಒಂದು ಪುಟ ಬರೆದೆ: ಇದು ಅಪಾಯ, ಲೈಟು ಸಮೇತ ಕೂರುವ ಒರೆಯೇ ಬೇಕು. ಅವರು ಓದಿ ನಕ್ಕರು. "ಆಯ್ತಮ್ಮ, ನೀನೇ ಹುಡುಕು. ಆರ್ಮರರ್ ಸುರಕ್ಷಿತ ಅಂತ ಬರೆದು ಸಹಿ ಹಾಕಿದರೆ ಹಾಕಿಕೊ," ಎಂದರು.

ಲೈಟಿನ ಮೇಲೆ ನನಗೆ ಇಷ್ಟು ಹಠ ಯಾಕೆ ಎಂದರೆ, ಎರಡು ವರ್ಷಗಳಿಂದ ಘಟ್ಟದ ಬುಡದ ಕಾಡಂಚಿನ ಗಸ್ತು ನನ್ನದು. ನಾನು, ನನ್ನ ಏಳು ಜನ, ಒಂದು ಜೀಪು. ಒಮ್ಮೆ ನಸುಕಿನಲ್ಲಿ ಹಳೆಯ ಕಲ್ಲುಕೋರೆಯ ಶೆಡ್ಡಿನ ಒಳಗೆ ಸದ್ದು ಕೇಳಿಸಿತು. ಬಲಗೈಯಲ್ಲಿ ಪಿಸ್ತೂಲು, ಎಡಗೈಯಲ್ಲಿ ಟಾರ್ಚು. ಬಾಗಿಲು ತೆಗೆಯುವುದು ಯಾವ ಕೈಯಲ್ಲಿ? ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು, ಗಲ್ಲದ ಮೇಲೆ ಜೊಲ್ಲು ಇಳಿಯುತ್ತಿರುವಾಗ ಕಾಲಲ್ಲಿ ಬಾಗಿಲು ನೂಕಿದೆ. ಒಳಗಿದ್ದದ್ದು ಒಂದು ಮುಳ್ಳುಹಂದಿ. ನನ್ನವರು ನಕ್ಕು ನಕ್ಕು ಸುಸ್ತಾದರು, ನಾನೂ ನಕ್ಕೆ. ಮನುಷ್ಯನಿದ್ದಿದ್ದರೆ ನಗಲು ನಾನು ಇರುತ್ತಿರಲಿಲ್ಲ.

ಮುಂದಿನ ಶುಕ್ರವಾರ ಸಂಜೆ ಫೈರಿಂಗ್ ಪರೀಕ್ಷೆ ಎಂದು ಆದೇಶ ಬಂತು. ಮಬ್ಬು ಬೆಳಕಿನಲ್ಲಿ ಒರೆಯಿಂದ ತೆಗೆದು ಹೊಡೆಯಬೇಕು, ಆಮೇಲೆ ಕಣ್ಣನ್ನು ಗುರಿಯಿಂದ ಕದಲಿಸದೆ ವಾಪಸ್ ಒರೆಯೊಳಗೆ ಇಡಬೇಕು. ಪಾಸಾದವರಿಗೆ ಮಳೆಗಾಲದ ಗಸ್ತು. ಆಗದವರಿಗೆ ಠಾಣೆಯ ಮೇಜು ಮತ್ತು ಬೇಲಿ ಜಗಳದ ಅರ್ಜಿಗಳು. ನಮ್ಮಲ್ಲಿ ಗಸ್ತಿನ ತಂಡವನ್ನು ಒಬ್ಬಳು ಹೆಂಗಸು ನಡೆಸಿದ್ದು ಅದೇ ಮೊದಲು. ನಾನು ತಪ್ಪುವುದನ್ನೇ ಕಾಯುತ್ತಿದ್ದವರು ಇದ್ದರು. ತಂಡ ಬಿಟ್ಟುಕೊಡುವ ಯೋಚನೆ ನನಗೆ ಕನಸಿನಲ್ಲೂ ಇರಲಿಲ್ಲ.

ಮೊದಲು ಉಡುಪಿಗೆ ಹೋದೆ. ಯೂನಿಫಾರ್ಮ್, ಬೆಲ್ಟು, ಸೀಟಿ ಮಾರುವ ಅಂಗಡಿ. ಅಸಲಿ ಪಿಸ್ತೂಲನ್ನು ಊರೆಲ್ಲ ತೋರಿಸುತ್ತ ತಿರುಗುವ ಹಾಗಿಲ್ಲವಲ್ಲ, ತರಬೇತಿಗೆ ಬಳಸುವ ಅದೇ ಅಳತೆಯ ನೀಲಿ ರಬ್ಬರಿನ ಪಿಸ್ತೂಲಿಗೆ ಲೈಟು ಸಿಕ್ಕಿಸಿ ಒಯ್ದಿದ್ದೆ. ಅಂಗಡಿಯವರು ಬಟ್ಟೆಯ ಒಂದು ಒರೆ ತೆಗೆದರು. "ಇದು ಎಲ್ಲದಕ್ಕೂ ಆಗ್ತದೆ ಮೇಡಂ." ಪಿಸ್ತೂಲು ಹೊರಗೆ ಬಂದ ಕೂಡಲೇ ಒರೆಯ ಬಾಯಿ ಮುಚ್ಚಿಕೊಂಡಿತು. "ಮತ್ತೆ ಒಳಗೆ ಹಾಕುವುದು ಹೇಗೆ?" ಎಂದು ಕೇಳಿದೆ. "ಎಡಗೈಯಲ್ಲಿ ಬಾಯಿ ಅಗಲಿಸಿ ಹಾಕಿ, ಅದಕ್ಕೆಂತ?"

"ಪಿಸ್ತೂಲಿನ ಬಾಯಿಗೆ ಎಡಗೈ ಕೊಡುವುದಾ? ಅದು ನನಗೆ ಬೇಕು ಮಾರಾಯ್ರೆ, ಊಟ ಬಡಿಸಲಿಕ್ಕೆ ಉಂಟು," ಎಂದು ಹೊರಟೆ.

ಚರ್ಮದ ಒರೆ ಮಾಡಿಸಬಹುದಿತ್ತು. ಆದರೆ ನಮ್ಮ ಕಡೆ ಜಡಿಮಳೆಯ ಆಟಿ ತಿಂಗಳು ಬರುವಷ್ಟರಲ್ಲಿ ಚಪ್ಪಲಿಗೂ ಬೂಸ್ಟು ಹಿಡಿಯುತ್ತದೆ. ಒದ್ದೆಯಾದ ಚರ್ಮ ಉಬ್ಬಿ ಪಿಸ್ತೂಲನ್ನು ಬಿಡುವುದೇ ಇಲ್ಲ. ಆನ್‌ಲೈನಿನಲ್ಲಿ ನೋಡಿದರೆ ನಮ್ಮ ಪಿಸ್ತೂಲಿಗೆ ಇತ್ತು, ನಮ್ಮ ಲೈಟಿಗೆ ಇರಲಿಲ್ಲ. ಲೈಟಿನ ಒರೆಯ ಕಷ್ಟವೇ ಅದು. ಅದರೊಳಗೆ ಹಿಡಿತ ಸಿಗುವುದು ಪಿಸ್ತೂಲಿನ ಮೈಗಲ್ಲ, ಲೈಟಿನ ಮೈಗೆ. ಲೈಟು ಬದಲಾದರೆ ಒರೆಯೇ ಬೇರೆ.

ದಾರಿ ತೋರಿಸಿದ್ದು ಆರ್ಮರಿಯ ಅಣ್ಣ. ಅವರಿಗೆ ಬಲಗಾಲಿನ ಪಾದ ಎತ್ತಲು ಬರುವುದಿಲ್ಲ. ಬೂಟಿನೊಳಗೆ ಮೀನಖಂಡದವರೆಗೆ ಬಿಳಿ ಪ್ಲಾಸ್ಟಿಕ್ಕಿನ ಆಧಾರಪಟ್ಟಿ ಹಾಕಿಕೊಂಡು ನಡೆಯುತ್ತಾರೆ. ಕಾಡಿನ ಕಾರ್ಯಾಚರಣೆಯಲ್ಲಿ ತಗುಲಿದ ಗುಂಡು ಎಂದು ಠಾಣೆಯಲ್ಲಿ ಎಲ್ಲರ ಬಾಯಲ್ಲೂ ಇತ್ತು. ಅವರು ಹೌದು ಎಂದೂ ಹೇಳಿದವರಲ್ಲ, ಅಲ್ಲ ಎಂದೂ ಹೇಳಿದವರಲ್ಲ. "ಈ ಕಾಲಿನ ಪಟ್ಟಿ ಮಾಡಿದವರು ಒಬ್ಬರು ಮಣಿಪಾಲದಲ್ಲಿ ಇದ್ದಾರೆ ಮೇಡಂ. ಕಾಲಿಗೆ ಮಾಡುವವರಿಗೆ ಪಿಸ್ತೂಲಿಗೆ ಮಾಡ್ಲಿಕ್ಕೆ ಎಂತ ಕಷ್ಟ?" ಎಂದರು.

ಮಣಿಪಾಲದ ಆ ಸಣ್ಣ ವರ್ಕ್‌ಶಾಪಿನಲ್ಲಿ ಗೋಡೆ ತುಂಬ ಪ್ಲಾಸ್ಟರಿನ ಬಿಳಿ ಅಚ್ಚಿನ ಕಾಲುಗಳು, ಕೈಗಳು. ಕನ್ನಡಕದ ತೆಳ್ಳಗಿನ ಮನುಷ್ಯ ನನ್ನ ನೀಲಿ ಪಿಸ್ತೂಲನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದು ಅಳುವುದಿಲ್ಲ, ಅಷ್ಟು ಸಮಾಧಾನ," ಎಂದರು. ಸೊಂಟ ಅಳೆಯುವಾಗ ಅವರು ಇನ್ನೊಂದು ವಿಷಯ ಕಂಡುಹಿಡಿದರು. ಬೆಲ್ಟಿನ ಮಟ್ಟದಲ್ಲೇ ಒರೆ ಕೂತರೆ ಪಿಸ್ತೂಲಿನ ಹಿಡಿ ನನ್ನ ಪಕ್ಕೆಗೆ ತಾಗುತ್ತದೆ, ತೆಗೆಯುವಾಗ ಮೊಣಕೈ ಕಂಕುಳಿಗೆ ಬರುತ್ತದೆ. ಹದಿನಾಲ್ಕು ವರ್ಷದಿಂದ ನಾನು ಹಾಗೆಯೇ ತೆಗೆಯುತ್ತಿದ್ದೆ, ಇಲಾಖೆಯಲ್ಲಿ ಒಬ್ಬ ಗಂಡಸಿಗೂ ಅದು ಹೊಳೆದಿರಲಿಲ್ಲ. "ನಿಮಗೆ ಎರಡು ಇಂಚು ಕೆಳಗೆ ಬೇಕು," ಎಂದು ಅವರು ಬೆಲ್ಟಿನ ಪಟ್ಟಿಯನ್ನು ಸ್ಕ್ರೂ ಹಾಕಿ ಇಳಿಸುವ ಹಾಗೆ ಮಾಡಿದರು. ನನಗೆ ಅವರ ಕಾಲು ಮುಟ್ಟಿ ನಮಸ್ಕರಿಸುವಷ್ಟು ಸಂತೋಷವಾಯಿತು.

ಪ್ಲಾಸ್ಟಿಕ್ ಹಾಳೆ ಬಿಸಿಯಾಗಿ ನೀರುದೋಸೆಯ ಹಾಗೆ ಜೋತು ಬೀಳುತ್ತಿತ್ತು. ಅದನ್ನು ಪಿಸ್ತೂಲಿನ ಮೇಲೆ ಹೊದಿಸಿ, ಒಳಗಿನ ಗಾಳಿಯನ್ನು ಮೋಟರಿನಿಂದ ಎಳೆದರು. ಹೊದಿಸುವ ಮೊದಲು ಟ್ರಿಗರಿನ ಸುತ್ತ ಇರುವ ಬಳೆಯ ಮೇಲೆ ಮೇಣದ ಹಾಗಿನದನ್ನು ದಪ್ಪಕ್ಕೆ ಮೆತ್ತಿದ್ದನ್ನು ನಾನು ಕಣ್ಣಾರೆ ನೋಡಿದೆ. "ಉಬ್ಬಿದ ಜಾಗಕ್ಕೆ ಸ್ವಲ್ಪ ಅವಕಾಶ ಬಿಡಬೇಕು, ಇಲ್ಲದಿದ್ದರೆ ಉಜ್ಜಿ ಹುಣ್ಣಾಗ್ತದೆ," ಎಂದರು. ಮೂಳೆಯ ಮೇಲೆ ಮೂವತ್ತು ವರ್ಷ ಕೆಲಸ ಮಾಡಿದ ಕೈಯ ಅಭ್ಯಾಸ ಅದು. ನಾನು ಎಂಥ ಜಾಣೆ ನೋಡಿ, ತಲೆಯಾಡಿಸಿದೆ!

ಗುರುವಾರ ಮಧ್ಯಾಹ್ನ ಆರ್ಮರಿಯಲ್ಲಿ ಖಾಲಿ ಪಿಸ್ತೂಲು ಹಾಕಿ ತೋರಿಸಿದೆ. ಏನು ನಯ, ಏನು ವೇಗ! ಮೂರು ಸಲ ತೆಗೆದೆ, ಮೂರು ಸಲವೂ ಲೈಟು ಗೋಡೆಯ ಮೇಲಿನ ಗುರುತಿಗೇ ಬಿತ್ತು. "ನೋಡಿದಿರಾ ಅಣ್ಣ? ಹಾಕಿ ಸಹಿ," ಎಂದೆ.

ಅಣ್ಣ ಸಹಿ ಹಾಕಲಿಲ್ಲ. ಪಿಸ್ತೂಲು ತೆಗೆದುಕೊಂಡು ಒಳಗೆ ಗುಂಡಿಲ್ಲವೆಂದು ಎರಡು ಸಲ ನೋಡಿದರು, ನನಗೂ ತೋರಿಸಿದರು. ಮೊಳೆಯಲ್ಲಿ ನೇತಾಡುತ್ತಿದ್ದ ರೈನ್‌ಕೋಟು ತೆಗೆದು ನನ್ನ ಕೈಗೆ ಕೊಟ್ಟರು. "ಇದನ್ನು ಹಾಕಿಕೊಂಡು ಒಳಗೆ ಇಡಿ. ಕೆಳಗೆ ನೋಡಬೇಡಿ."

ನಾನು ನೋಡದೆ ಇಟ್ಟೆ. ರೈನ್‌ಕೋಟಿನ ಸೊಂಟದ ದಾರ, ಅದರ ತುದಿಯ ಪ್ಲಾಸ್ಟಿಕ್ ಮಣಿ, ಪಿಸ್ತೂಲಿನ ಜೊತೆಗೇ ಒರೆಯೊಳಗೆ ಇಳಿಯಿತು. ಲೈಟಿಗಾಗಿ ಒರೆಯ ಬಾಯಿ ಮೊದಲೇ ಅಗಲ, ಅದರ ಮೇಲೆ ಟ್ರಿಗರಿನ ಪಕ್ಕ ಬಿಟ್ಟ ಅವಕಾಶ ಬೇರೆ. ಕೈ ಒತ್ತಿದಾಗ ಕೇಳಿಸಿತು: ಟಕ್.

ದಾರದ ಮಣಿ ಟ್ರಿಗರನ್ನು ಒತ್ತಿದ ಸದ್ದು. ಪಿಸ್ತೂಲಿನ ಬಾಯಿ ನನ್ನ ತೊಡೆಯ ಪಕ್ಕದಲ್ಲಿತ್ತು.

ಅಣ್ಣ ಸ್ಟೂಲಿನ ಮೇಲೆ ಕೂತರು. "ನನ್ನ ಕಾಲಿಗೆ ಕಾಡಿನಲ್ಲಿ ಯಾರೂ ಹೊಡೆದಿಲ್ಲ ಮೇಡಂ. ನಾನೇ ಹೊಡೆದುಕೊಂಡದ್ದು. ಒರೆಯ ಪಟ್ಟಿ ಒಳಗೆ ಮಡಚಿತ್ತು, ನೋಡದೆ ಪಿಸ್ತೂಲು ಒಳಗೆ ಒತ್ತಿದೆ. ಜನ ಬೇರೆ ಹೇಳಿದರು, ನನಗೆ ನಾಚಿಕೆಯಾಗಿ ಸುಮ್ಮನಿದ್ದೆ. ನನ್ನ ಹೆಂಡತಿಗೂ ಹೇಳಿಲ್ಲ."

ಹೊಸದೆಂದರೆ ನಿಮಗೆ ಹೆದರಿಕೆ ಎಂದು ಅದೇ ವಾರ ಎರಡು ಸಲ ಅವರ ಮುಖಕ್ಕೇ ಹೇಳಿದ್ದೆ. ತೆಗೆಯುವುದನ್ನು ಮಾತ್ರ ನೋಡಿ ಕುಣಿದವಳು ನಾನು. ಇಡುವುದನ್ನು ನೋಡಿದವರು ಅವರು.

ಮೇಲಧಿಕಾರಿಯ ಬಳಿ ಹೋಗಿ ಹೇಳಿದೆ: "ಸರ್, ನನ್ನ ಒರೆ ಸರಿಯಿಲ್ಲ. ತಪ್ಪು ನನ್ನದೇ. ನಾಳೆ ನಾನು ಪರೀಕ್ಷೆಗೆ ಇಲ್ಲ."

"ಲೈಟು ಬಿಚ್ಚಿ ಹಳೆಯ ಒರೆಯಲ್ಲಿ ಬಾ. ಕತ್ತಲಾದಾಗ ಸಿಕ್ಕಿಸಿ ಹೊಡಿ. ಉಳಿದವರು ಮಾಡ್ತಾರಲ್ವಾ?"

"ಅದು ಅಪಾಯ ಅಂತ ನಾನೇ ನಿಮಗೆ ಬರೆದುಕೊಟ್ಟಿದ್ದೇನೆ ಸರ್. ನಾಳೆ ನಾನೇ ಮಾಡಿದರೆ, ನಾಡಿದ್ದು ನನ್ನ ಏಳು ಜನ ನನ್ನನ್ನು ನೋಡಿ ಅದನ್ನೇ ಮಾಡ್ತಾರೆ."

"ತಂಡ ಹೋಗ್ತದೆ. ಮುಂದಿನ ಪರೀಕ್ಷೆ ಮಳೆಗಾಲ ಕಳೆದ ಮೇಲೆ. ಗೊತ್ತುಂಟಲ್ಲ?"

"ಗೊತ್ತುಂಟು ಸರ್."

ಹೊರಗೆ ಬಂದು ಬೈಕು ಹತ್ತಿದವಳು ಕಾಪುವಿನ ಮನೆಯವರೆಗೆ ಹೆಲ್ಮೆಟ್ಟಿನ ಒಳಗೆ ಬಯ್ಯುತ್ತಲೇ ಹೋದೆ. ಯಾರನ್ನು ಎಂದು ಕೇಳಬೇಡಿ, ಯಾರನ್ನೂ ಬಿಡಲಿಲ್ಲ. ಅಮ್ಮ ಮೀನು ಮಾರಿ ಬಂದು ಕಾಲು ತೊಳೆಯುತ್ತಿದ್ದಳು. ಎಲ್ಲ ಕೇಳಿ, "ಕೈಯಲ್ಲಿದ್ದದ್ದನ್ನು ಬಿಟ್ಟು ಬಂದೆಯಲ್ಲ, ನಿನಗೆ ತಲೆ ಉಂಟಾ?" ಎಂದು ರೇಗಿದಳು. ಕಾಲು ಒರೆಸಿಕೊಂಡು, "ಆ ಟಕ್ ಅಂದದ್ದು ನಿನ್ನ ಯಾವ ಕಾಲಿನ ಹತ್ತಿರ?" ಎಂದು ಕೇಳಿದಳು. ಬಲಗಾಲು ಎಂದೆ. ರಾತ್ರಿ ಊಟಕ್ಕೆ ಬಡಿಸುವಾಗ ಅವಳು ಬಂಗುಡೆ ಸಾರಿನಲ್ಲಿ ದೊಡ್ಡ ತುಂಡುಗಳನ್ನೆಲ್ಲ ನನ್ನ ಬಟ್ಟಲಿಗೇ ಹಾಕಿದಳು.

ಶನಿವಾರ ಮತ್ತೆ ಮಣಿಪಾಲ. ಆ ಮನುಷ್ಯನನ್ನು ಬಯ್ಯಬೇಕೆಂದೇ ಹೋದವಳು, ಅವರ ಮುಖ ಸಣ್ಣದಾದದ್ದು ನೋಡಿ ದನಿ ತಗ್ಗಿಸಿದೆ. "ಇಲ್ಲಿ ಅವಕಾಶ ಬೇಡ, ಸರ್. ಇಲ್ಲಿ ಉಸಿರೂ ಹೋಗಬಾರದು," ಎಂದು ಟ್ರಿಗರಿನ ಬಳೆಯನ್ನು ಬೆರಳಿನಿಂದ ತೋರಿಸಿದೆ. ಬಳೆಯ ಎರಡೂ ಬದಿ ಪ್ಲಾಸ್ಟಿಕ್ಕನ್ನು ಒತ್ತಿ ಕೂರಿಸಿದರು, ಬಾಯಿಯ ಅಂಚನ್ನು ಟ್ರಿಗರಿಗಿಂತ ಮೇಲಕ್ಕೆ ಎತ್ತರಿಸಿದರು. ದಾರ, ಶರ್ಟಿನ ತುದಿ, ನನ್ನ ಕಿರುಬೆರಳು, ಎಲ್ಲ ಹಾಕಿ ನೋಡಿದೆವು. ಯಾವುದೂ ಹೋಗಲಿಲ್ಲ. ಭಾನುವಾರ ಬೆಳಿಗ್ಗೆ ಅಣ್ಣ ಅಸಲಿ ಪಿಸ್ತೂಲಿನಲ್ಲಿ ಅರ್ಧ ಗಂಟೆ ಪರೀಕ್ಷಿಸಿ ಸಹಿ ಹಾಕಿದರು.

ಅಷ್ಟರಲ್ಲಿ ನನ್ನ ತಂಡ ಇನ್ನೊಬ್ಬರ ಕೈಗೆ ಹೋಗಿಯಾಗಿತ್ತು. ಶುಕ್ರವಾರ ಪಾಸಾದ ಮೂವರಲ್ಲಿ ಕಿರಿಯವನು, ನನಗಿಂತ ಹತ್ತು ವರ್ಷ ಸಣ್ಣವನು. ಅಂದು ಸಂಜೆಯೇ ಅವನ ಮೊದಲ ಗಸ್ತು. ಅಂಗಳದಲ್ಲಿ ಜೀಪಿನ ಪಕ್ಕ ನಿಂತು ಪ್ಯಾಂಟಿನ ಜೇಬು ತಟ್ಟಿ ನೋಡಿಕೊಳ್ಳುತ್ತಿದ್ದ. ಲೈಟು ಆ ಜೇಬಿನಲ್ಲಿತ್ತು.

ನನಗೆ ಹೊಟ್ಟೆ ಉರಿಯಿತು, ಸುಳ್ಳು ಹೇಳುವುದಿಲ್ಲ. ಆ ಒರೆಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದರೆ ನನ್ನನ್ನು ಕೇಳುವವರು ಯಾರೂ ಇರಲಿಲ್ಲ. ನನ್ನ ಏಳು ಜನ ಜೀಪಿನ ಹಿಂದೆ ಕೂತಿದ್ದರು. ಕತ್ತಲೆಯಲ್ಲಿ ಅವರು ನಡೆಯುವುದು ಇವನ ಹಿಂದೆ.

"ಇಲ್ಲಿ ಬಾ ಮಾರಾಯ," ಎಂದು ಕರೆದೆ. ಪಿಸ್ತೂಲು ಖಾಲಿ ಮಾಡಿಸಿ, ಲೈಟು ಸಿಕ್ಕಿಸಿದೆ. ಬೆಲ್ಟಿನಿಂದ ಹಳೆಯ ಒರೆ ತೆಗೆಸಿ ಹೊಸದನ್ನು ಹಾಕಿದೆ. ಅವನಿಗೆ ಅದು ತೀರಾ ಕೆಳಗಾಯಿತು, ಕೈ ಚಾಚಿ ಹುಡುಕಬೇಕಾಯಿತು.

"ಮೇಡಂ, ಇದು ನಿಮ್ಮ ಅಳತೆ ಅಲ್ವಾ? ನಿಮಗೆ?"

"ನನಗೆ ಮೇಜಿನ ಕೆಲಸಕ್ಕೆ ಪೆನ್ನು ಸಾಕು. ನೆಟ್ಟಗೆ ನಿಲ್ಲು."

ಆರ್ಮರಿಯಿಂದ ಸ್ಕ್ರೂಡ್ರೈವರ್ ತಂದು, ನನ್ನ ಸೊಂಟಕ್ಕೆಂದು ಇಳಿಸಿದ್ದ ಪಟ್ಟಿಯನ್ನು ಬಿಚ್ಚಿ ಎರಡು ಇಂಚು ಮೇಲಕ್ಕೆ ಏರಿಸಿದೆ. ಎರಡೇ ಸ್ಕ್ರೂ. ಐವತ್ತು ಸಲ ತೆಗೆಸಿ, ಐವತ್ತು ಸಲ ಇಡಿಸಿದೆ. ಪ್ರತಿ ಸಲವೂ ಕೆಳಗೆ ನೋಡದೆ.

ಜೀಪು ಹೊರಟಿತು, ಮುಂದಿನ ಸೀಟಿನಲ್ಲಿ ಅವನು. ನಾನು ಒಳಗೆ ಹೋಗಿ ಮುಂದಿನ ಪರೀಕ್ಷೆಯ ಪಟ್ಟಿಯಲ್ಲಿ ಎಲ್ಲರಿಗಿಂತ ಮೊದಲು ನನ್ನ ಹೆಸರು ಬರೆಸಿ, ಬೇಲಿ ಜಗಳದ ಮೊದಲನೇ ಅರ್ಜಿ ಎತ್ತಿಕೊಂಡೆ.