ಕಡಲ ದಂಡೆಯ ಐಸು, ಲಸಿಕೆಯೊಳಗಿನ ಉಪ್ಪು

ಆ ಸದ್ದು ಕೇಳಿ ಯಾರದೋ ಮನೆ ಕೆಡವುತ್ತಿದ್ದಾರೆಂದೇ ತಿಳಿದೆ. ನರ್ಸ್ ಕೆಲಸಕ್ಕೆ ಸೇರಿದ ದಿನ ಕಡಲ ದಂಡೆಯ ಹಾರವಾಡದಲ್ಲಿ ಬಸ್ಸಿಳಿದರೆ, ಹೆಂಗಸರು ಹಾಸುಗಲ್ಲಿನಷ್ಟು ದೊಡ್ಡ ಐಸಿನ ಗಡ್ಡೆಗಳನ್ನು ಬಡಿದು ಪುಡಿ ಮಾಡಿ ಮೀನಿನ ಮೇಲೆ ಸುರಿಯುತ್ತಿದ್ದರು. ನಮ್ಮ ಸಿಂದಗಿಯಲ್ಲಿ ಐಸೆಂದರೆ ಬೇಸಿಗೆಯಲ್ಲಿ ಬಣ್ಣದ ನೀರು ಹಾಕಿ ಮಾರುವ ಗೋಲಾ. ಇಲ್ಲಿ ಅದಿಲ್ಲದೆ ಒಂದು ಮನೆಯ ಒಲೆಯೂ ಹೊತ್ತುವುದಿಲ್ಲ.

ಕಾರವಾರದ ಹಬ್ಬುವಾಡದಲ್ಲಿ ಬಾಡಿಗೆ ಮನೆ ನೋಡಲು ಹೋದಾಗ ಮನೆಯೊಡತಿ ಕೇಳಿದ್ದು ಒಂದೇ ಶಬ್ದ: "ನುಸ್ತೆ?" ಕೊಂಕಣಿಯಲ್ಲಿ ಹಾಗೆಂದರೆ ಮೀನು. ತಿನ್ನುವುದಿಲ್ಲ ಎಂದೆ. ಕಾಯಿಲೆಯವಳನ್ನು ನೋಡುವಂತೆ ನೋಡಿ, ಪಾಪ ಅನ್ನಿಸಿಯೋ ಏನೋ, ಕೀಲಿಕೈ ಕೊಟ್ಟರು. ಜೋಳದ ರೊಟ್ಟಿಯಿಲ್ಲದೆ, ಕುಚ್ಚಲಕ್ಕಿ ಗಂಜಿಯ ಮುಂದೆ ಕೂತು ಎಷ್ಟೋ ಸಂಜೆ ಅತ್ತಿದ್ದೇನೆ.

ಒಂದು ಲಸಿಕೆಯ ದಿನದ ಸಂಗತಿ ಹೇಳಬೇಕು. ನಾವು ಲಸಿಕೆ ಹಾಕುವ ಹಾರವಾಡದ ಅಂಗನವಾಡಿಯ ಪಕ್ಕದ ಮನೆ ಮೀನು ಮಾರುವ ತುಳಸಕ್ಕನದು. ಅವಳ ಒಂದೂವರೆ ತಿಂಗಳ ಮೊಮ್ಮಗಳಿಗೆ, ಮೂರು ಕಂತಿನ ಲಸಿಕೆಯಲ್ಲಿ ಅಂದು ಮೊದಲ ಚುಚ್ಚುಮದ್ದು. ಲಸಿಕೆಯ ಪೆಟ್ಟಿಗೆಯನ್ನು ಅವಳ ಕಾವಲಿಗೆ ಬಿಟ್ಟು ತಾಯಂದಿರನ್ನು ಕರೆದು ಬಂದೆ. ಬಂದು ನೋಡಿದರೆ ಪೆಟ್ಟಿಗೆಯ ತುಂಬ ಐಸಿನ ಪುಡಿ, ಅದರ ಮೇಲೆ ಕಲ್ಲುಪ್ಪು.

"ಒಳಗಿನ ಐಸು ಬೆವರ್ತಿತ್ತು ಬಾಯಿ," ಎಂದಳು. ಇಲ್ಲಿ ನರ್ಸನ್ನು ಕರೆಯುವುದೇ ಹಾಗೆ. "ಔಷಧ ಹಾಳಾಗ್ತದೆ ಅಂತ ತುಂಬ್ದೆ. ಉಪ್ಪು ಹಾಕ್ರೆ ಥಂಡಿ ಜಾಸ್ತಿ."

ಪೆಟ್ಟಿಗೆಗೆ ಹಾಕುವ ಮುನ್ನ ಐಸು ಬೆವರಲಿ ಎಂದೇ ನಾವು ಕಾಯುವುದು. ಐದು ರೋಗಗಳಿಗೆ ಒಂದೇ ಆದ ಆ ಲಸಿಕೆ ತಂಪಾಗಿರಬೇಕು, ಹೆಪ್ಪುಗಟ್ಟಬಾರದು. ಸೀಸೆಗಳು ಕಲ್ಲಾಗಿದ್ದವು.

"ಕರಗ್ಲಿ, ಆಮೇಲೆ ಹಾಕು. ನನ್ನ ಮೊಮ್ಮಗಳಿಗೇ ಮೊದ್ಲು ಹಾಕು," ಎಂದಳು. ಆಗುವುದಿಲ್ಲ ಎಂದೆ. ಅವಳ ಮುಖ ಸಣ್ಣದಾಯಿತು. ಮಗುವನ್ನೆತ್ತಿಕೊಂಡು ಒಳಗೆ ಹೋದಳು. ಅದನ್ನು ಕಂಡು ಉಳಿದ ತಾಯಂದಿರೂ ಎದ್ದರು. ಹೀಗೆ ಹೋದವರು ಮತ್ತೆ ಬರುವುದು ಕಷ್ಟ.

ಫೋನ್ ಮಾಡಿದ ಮೇಲೆ ಆಸ್ಪತ್ರೆಯಿಂದ ಬೈಕಿನಲ್ಲಿ ಹೊಸ ಸೀಸೆಗಳು ಬಂದವು. ಅಷ್ಟರಲ್ಲಿ ಹಳೆಯದು ಕರಗಿತ್ತು. ಎರಡನ್ನೂ ತುಳಸಕ್ಕನ ಅಡುಗೆಮನೆಗೆ ಒಯ್ದು, ಕುಲುಕಿ, ಅವಳ ಮುಂದಿಟ್ಟೆ. ಹೊಸದು ಹಾಲಿನಂತೆ ಒಂದೇ ಸಮನೆ ಬೆಳ್ಳಗಿತ್ತು. ಹಳೆಯದರಲ್ಲಿ ಬಿಳಿ ಚೂರುಗಳು ತಳಕ್ಕೆ ಇಳಿಯುತ್ತಾ ಹೋದವು, ಮೇಲೆ ಬರೀ ನೀರು ಉಳಿಯಿತು.

ಆ ಬಿಳುಪು ಅಲ್ಯೂಮಿನಿಯಂನ ಒಂದು ಬಗೆಯ ಉಪ್ಪು. ಅಡ್ಜುವಂಟ್ ಎನ್ನುತ್ತಾರೆ, ಲಸಿಕೆಯ ಜೊತೆಗಾರ ಎನ್ನೋಣ. ರೋಗಾಣುವಿನ ಚೂರು ಒಂದೇ ಹೋದರೆ ಮೈ ಅದನ್ನು ಅಷ್ಟಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಈ ಉಪ್ಪು ಆ ಚೂರನ್ನು ಹಿಡಿದುಕೊಂಡು, ಒಳಗಿನ ಕಾವಲುಗಾರರನ್ನು ಎಬ್ಬಿಸಿ, ನೋಡಿಟ್ಟುಕೊಳ್ಳಿ ಎಂದು ತೋರಿಸುತ್ತದೆ. ಹೆಪ್ಪುಗಟ್ಟಿದರೆ ಅದರ ಕಣಗಳು ಗಂಟುಕಟ್ಟುತ್ತವೆ, ಎಬ್ಬಿಸುವ ಕಸುವು ಹೋಗುತ್ತದೆ. ತುಳಸಕ್ಕನಿಗೆ ಹೇಳಿದ್ದೂ ಇದನ್ನೇ. ಕತ್ತೂ ಸರಿಯಾಗಿ ನಿಲ್ಲದ ಕೂಸಿನ ಮೈಗೆ ಒಂದು ಚಿಟಿಕೆಗಿಂತ ಕಡಿಮೆ ಪುಡಿ ಪಾಠ ಹೇಳುತ್ತದಲ್ಲ! ಇಷ್ಟು ವರ್ಷ ಸೂಜಿ ಹಿಡಿದ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ತುಳಸಕ್ಕ ಸೀಸೆಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಬೀದಿಗೆ ಹೋಗಿ ಕೂಗಿದಳು: "ಎಲ್ಲಾ ಬನ್ರೆ. ಹಾಳು ಮಾಡ್ದವ್ಳು ನಾನು, ಬಾಯಿ ಅಲ್ಲ. ಹೊಸದು ಬಂದದೆ."

ಎಲ್ಲರೂ ಬಂದರು. ಮೊದಲು ಅತ್ತದ್ದು ಅವಳ ಮೊಮ್ಮಗಳೇ.

ಸಂಜೆ ಅವಳ ಫೋನ್. "ತೊಡೆ ಸ್ವಲ್ಪ ಬಾತದೆ ಬಾಯಿ, ಮೈ ಬೆಚ್ಚಗದೆ. ಒಳಗಿನೋರು ಎದ್ರು, ಅಲ್ವಾ?" ಮೊಮ್ಮಗಳ ಸಣ್ಣ ಜ್ವರವನ್ನು ಇಷ್ಟು ಖುಷಿಯಿಂದ ಹೇಳಿದ ಅಜ್ಜಿಯನ್ನು ನಾನು ಕಂಡಿಲ್ಲ. ಹೌದು, ಎದ್ದರು ಎಂದೆ. ಜ್ವರಕ್ಕೆ ಕೊಟ್ಟ ಹನಿ ಎಷ್ಟು ಹಾಕಬೇಕೆಂದು ಮತ್ತೊಮ್ಮೆ ಹೇಳಿದೆ.

ಆ ಕರೆ ಮುಗಿಯುತ್ತಲೇ ಸಿಂದಗಿಯಿಂದ ಅವ್ವನ ಫೋನ್ ಬಂತು. "ವರ್ಗಾವಣಿ ಚಾಲೂ ಆಗ್ಯಾವಂತ. ಯಾವಾಗ ಬರ್ತಿ, ಮಗಳ?"

ಬರುತ್ತೇನೆ ಎನ್ನಲು ಬಾಯಿ ತೆರೆದೆ, ಬಂದ ಮಾತೇ ಬೇರೆ. "ಇಲ್ಲೊಂದು ಕೂಸಿಗೆ ಇನ್ನೂ ಎರಡು ಚುಚ್ಚುಮದ್ದು ಬಾಕಿ ಅದಾವಬೇ," ಎಂದೆ.